ಕೊಸರಿನ ಕೈ

ನನ್ನ ತಮ್ಮ ಗುರುಪುತ್ರಪ್ಪನ ಕೈ ನಡುಗಿದ್ದನ್ನು ನಾನು ಕಂಡದ್ದು ಒಂದೇ ಸಲ. ವಡಗಾವಿಯಲ್ಲಿ ನಮ್ಮ ಬಾಜು ಮನೆಯ ನೇಕಾರರ ಜಗಲಿಯ ಮೇಲೆ ಕುಳಿತು ಅವನು ಬಣ್ಣದ ನೂಲಿನ ಲಡಿಗಳನ್ನು ಬೇರೆ ಬೇರೆ ಮಾಡುತ್ತಿದ್ದ. ಯಾಕೆ ಮಾಡುತ್ತಿದ್ದ, ಯಾಕೆ ನಡುಗುತ್ತಿದ್ದ ಎಂದು ಹೇಳಬೇಕಾದರೆ ಖಾನಾಪುರದ ನಮ್ಮ ತವರಿನಿಂದಲೇ ಹೊರಡಬೇಕು.

ನಮ್ಮದು ಎಣ್ಣೆಯ ಮನೆ. ಹಿತ್ತಲಲ್ಲಿ ಗಾಣ, ಬೀದಿಯ ಕಡೆಗೆ ಅಂಗಡಿ. ಗಾಣ ಅಪ್ಪನದು, ಅಂಗಡಿ ಅವ್ವನದು. ಅವ್ವನ ಹೆಸರು ಸಂಗವ್ವ. ಮರಾಠಿ ಮಾತಾಡುವವರೂ ಬರುತ್ತಿದ್ದರು, ಕನ್ನಡ ಮಾತಾಡುವವರೂ ಬರುತ್ತಿದ್ದರು. ಅವ್ವ ಅವರವರ ಮಾತಿನಲ್ಲೇ ಅವರನ್ನು ನಗಿಸುತ್ತಿದ್ದಳು, ಅವರವರ ಮಾತಿನಲ್ಲೇ ಬೈಯುತ್ತಿದ್ದಳು. ಪಾವು ತುಂಬ ಎಣ್ಣೆ ಅಳೆದು ಗಿರಾಕಿಯ ಪಾತ್ರೆಗೆ ಸುರಿದ ಮೇಲೆ ಒಂದು ಸಣ್ಣ ಧಾರೆ ಹೆಚ್ಚಿಗೆ ಬಿಡುವುದು ಅವಳ ಪದ್ಧತಿ. ಅದೇ ಕೊಸರು. ಕೊಸರಿಗೆ ದುಡ್ಡಿಲ್ಲ, ಲೆಕ್ಕವೂ ಇಲ್ಲ. ಕೊಸರು ಹಾಕದವನನ್ನು ನಮ್ಮ ಓಣಿಯಲ್ಲಿ ಜಿಪುಣ ಎಂದು ಕರೆಯುತ್ತಿರಲಿಲ್ಲ, ಅವನಿಗೆ ಅಳೆಯಲು ಬರುವುದಿಲ್ಲ ಎನ್ನುತ್ತಿದ್ದರು.

ಗುರುಪುತ್ರಪ್ಪ ನಡೆಯಲು ಕಲಿತದ್ದು ಆ ಅಂಗಡಿಯ ಕಟ್ಟೆ ಹಿಡಿದು. ಮೀಸೆ ಮೂಡುವ ಹೊತ್ತಿಗೆ ಎಂಥ ಸಣ್ಣ ಬಾಯಿಯ ಬಾಟಲಿಗಾದರೂ ಲಾಳಿಕೆ ಇಲ್ಲದೆ ಎಣ್ಣೆ ಇಳಿಸುತ್ತಿದ್ದ. ಒಂದು ತೊಟ್ಟು ಹೊರಗೆ ಬೀಳುತ್ತಿರಲಿಲ್ಲ.

ಟಿಳಕವಾಡಿಯ ಹತ್ತಿರ ಕಾಂಗ್ರೆಸ್ ಅಧಿವೇಶನ ಆಯಿತಲ್ಲ, ಅದರ ಮರುವರ್ಷ ಅವನು ಬೆಳಗಾವಿಗೆ ಬಂದು ನಮ್ಮ ಮನೆಯಲ್ಲಿ ಉಳಿದ. ನನ್ನನ್ನು ಅದೇ ಊರಿನ ವಡಗಾವಿಗೆ ಕೊಟ್ಟಿದ್ದರು. ನಮ್ಮವರದೂ ಮಗ್ಗಗಳ ಸಂದಿಯಲ್ಲಿ ಒಂದು ಎಣ್ಣೆ ಅಂಗಡಿಯೇ. ದಂಡಿನವರ ಕ್ಯಾಂಪಿನ ಅಂಚಿನಲ್ಲಿ ತಮ್ಮಣ್ಣ ಸಾವಕಾರರ ಕಾರ್ಖಾನೆ ಇತ್ತು. ಅಲ್ಲಿ ಟಾಂಗಾಗಳಿಗೆ, ಮೋಟಾರುಗಳಿಗೆ ಕಮಾನು ಮಾಡುತ್ತಿದ್ದರು. ಗಾಡಿಯ ಹೊಟ್ಟೆಯ ಕೆಳಗೆ ಒಂದರ ಮೇಲೊಂದು ಬಾಗಿದ ಉಕ್ಕಿನ ಪಟ್ಟಿಗಳು ಇರುತ್ತವಲ್ಲ, ಅವೇ ಕಮಾನು. ಪಟ್ಟಿಯನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಅದಕ್ಕೆ ಗಟ್ಟಿತನ ಬರುತ್ತದೆ. ಆ ಎಣ್ಣೆ ನಮ್ಮ ತವರಿನದು. ಡಬ್ಬಿ ತಂದು ಸುರಿಯುತ್ತಿದ್ದವನು ಗುರುಪುತ್ರಪ್ಪ.

ಕಾರ್ಖಾನೆಯ ಹಿಂದಿನ ಕೋಣೆಯಲ್ಲಿ ಅವಧೂತರಾಯರು ಎಂಬವರು ಉಕ್ಕನ್ನು ಪರೀಕ್ಷೆ ಮಾಡುತ್ತಿದ್ದರು. ಪುಣೆಯಲ್ಲಿ ಓದಿದವರು, ತಾಳ್ಮೆಯವರು, ಆದರೆ ನಾಲಿಗೆ ಮೇಲೆ ಸ್ವಲ್ಪ ಖಾರ. ಒಂದು ದಿನ ಅವರು ಕಿಟಕಿಯಿಂದ ಇವನು ಎಣ್ಣೆ ಸುರಿಯುವುದನ್ನು ನೋಡಿದರು.

“ಏನಪಾ, ನಿನ್ನ ಕೈಯಾಗ ಹಗ್ಗ ಅದಯೇನು? ಧಾರಿ ಅಳ್ಳಾಡೂದೇ ಇಲ್ಲಲಾ. ಗಾಜಿನ ಸಾಮಾನು ತೊಳಿಯಾಕ ಬರ್ತೀಯೇನು ನನ್ನ ಕಡೆ?”

“ಒಡದ್ರ ಬೈತೀರೇನ್ರಿ?”

“ಬೈತೀನಿ.”

“ಹಂಗಾದ್ರ ಬರ್ತೀನ್ರಿ. ಬೈಯಂಗಿಲ್ಲ ಅಂದಿದ್ರ ನಂಬತಿರಲಿಲ್ಲ.”

ಹೀಗೆ ಹೋದವನು ಮೊದಲು ತೊಳೆದ, ಆಮೇಲೆ ತೂಗಲು ಕಲಿತ, ಆಮೇಲೆ ರಾಯರು ಮೇಜಿನ ಒಂದು ಮಗ್ಗುಲನ್ನೇ ಅವನಿಗೆ ಬಿಟ್ಟುಕೊಟ್ಟರು.

ಅವನು ಏನು ಮಾಡುತ್ತಾನೆ ಎಂದು ನನಗೆ ತಿಳಿದದ್ದು ಅಡುಗೆಮನೆಯಲ್ಲಿ. ಅಂದು ನಾನು ಆರತಿಗೆ ಅಣಿ ಮಾಡುತ್ತಿದ್ದೆ.

“ಅಕ್ಕಾ, ಅರಿಶಿಣದ ನೀರಿಗೆ ಸುಣ್ಣ ಎಷ್ಟ ಹಾಕ್ತೀ?”

“ಕೆಂಪಾಗೂ ಮಟಾ ಹಾಕ್ತೀನಿ. ಇದೇನ್ ಕೇಳೂ ಮಾತು?”

“ರಾಯರು ನನಗ ಇದನ್ನ ಕಲಿಸಾಕ ಎಷ್ಟ ದಿನಾ ಒದ್ದಾಡಿದ್ರು. ನಿನಗ ಮೊದ್ಲ ಬರ್ತೈತಿ ನೋಡು.” ಹೀಗೆಂದು ಒಂದು ನಿಂಬೆಹಣ್ಣು ಹೆಚ್ಚಿ ಆ ಕೆಂಪು ನೀರಿಗೆ ಹಿಂಡಿದ. ನೀರು ಮತ್ತೆ ಹಳದಿಯಾಯಿತು. ನನ್ನ ಆರತಿ ಕೆಟ್ಟಿತು, ಅವನಿಗೆ ಆನಂದ. “ಸುಣ್ಣ ಎಷ್ಟೈತಿ ಅಂತ ಕಣ್ಣಿಗೆ ಕಾಣಂಗಿಲ್ಲ. ಆದ್ರ ಬಣ್ಣಾ ತಿರಗಾಕ ಎಷ್ಟು ಹುಳಿ ಬೇಕಾತು ಅಂತ ಅಳದ್ರ, ಸುಣ್ಣ ಎಷ್ಟಿತ್ತು ಅಂತ ತಿಳೀತೈತಿ. ನಾವು ಉಕ್ಕಿನಾಗ ಹಿಂಗ ನೋಡ್ತೀವಿ.”

ಉಕ್ಕಿನೊಳಗೆ ಬರೀ ಕಬ್ಬಿಣ ಇರುವುದಿಲ್ಲವಂತೆ. ಮ್ಯಾಂಗನೀಸ್ ಎಂಬ ಇನ್ನೊಂದು ಲೋಹ, ಸಾರಿನೊಳಗಿನ ಉಪ್ಪಿನಷ್ಟು, ಬೆರೆತಿರಬೇಕು. ಅದು ಕಡಿಮೆಯಾದರೆ ಕಮಾನು ಮೆತ್ತಗಾಗಿ ಕೂತುಬಿಡುತ್ತದೆ. ಆದ್ದರಿಂದ ಉಕ್ಕಿನ ಪಟ್ಟಿಗೆ ಬೈರಿಗೆ ಹಾಕಿ ಕೊರೆದು ಒಂದಿಷ್ಟು ಪುಡಿ ತೆಗೆದು, ತೂಗಿ, ಆಸಿಡ್‌ನಲ್ಲಿ ಕರಗಿಸುತ್ತಾರೆ. ಎರಡು ಬಗೆಯ ಉಪ್ಪು ಹಾಕಿ ಕಾಯಿಸಿದರೆ ಆ ನೀರು ನೇರಳೆ ಹಣ್ಣು ಹಿಸುಕಿದ ಹಾಗೆ ಬಣ್ಣ ತಿರುಗುತ್ತದೆ. ಆ ಬಣ್ಣವೇ ಮ್ಯಾಂಗನೀಸ್. ಆರಿದ ಮೇಲೆ, ಗೆರೆ ಹಾಕಿದ ಉದ್ದನೆಯ ಗಾಜಿನ ಕೊಳವೆಯಿಂದ ಪಾಷಾಣದ ನೀರನ್ನು ಹನಿಹನಿಯಾಗಿ ಬಿಡಬೇಕು. ಕೊಳವೆಯ ಬುಡದಲ್ಲಿ ತಿರುವುವ ಗಾಜಿನ ಚಾವಿ ಇರುತ್ತದೆ. ನೇರಳೆ ಗುಲಾಬಿಯಾಗುತ್ತದೆ, ಗುಲಾಬಿ ತೆಳುವಾಗುತ್ತದೆ, ಕೊನೆಯ ಹನಿಗೆ ಮಾಯವಾಗುತ್ತದೆ. ಅಲ್ಲಿಗೆ ಚಾವಿ ಮುಚ್ಚಿ, ಕೊಳವೆಯಲ್ಲಿ ಎಷ್ಟು ಗೆರೆ ಇಳಿದಿದೆ ಎಂದು ನೋಡಿದರೆ ಮ್ಯಾಂಗನೀಸ್ ಎಷ್ಟೆಂದು ಗೊತ್ತಾಗುತ್ತದೆ. ಬಣ್ಣ ಚೆನ್ನಾಗಿ ಕಾಣಲೆಂದು ಗಾಜಿನ ಕೆಳಗೆ ಹಾಸಲು ನಮ್ಮ ಓಣಿಯ ಮಗ್ಗದ ಬಿಳಿ ಬಟ್ಟೆಯ ತುಂಡನ್ನು ಅವನೇ ಒಯ್ದಿದ್ದ.

ಪಾಷಾಣದ ಸುದ್ದಿ ಕೇಳಿ ಅವ್ವ ಖಾನಾಪುರದಿಂದ ಎದ್ದು ಬಂದಳು.

“ಇಲಿಗೆ ಹಾಕೂದನ್ನ ಇಂವಾ ದಿನಾ ಮುಟ್ತಾನಂತ. ಕನ್ಯಾ ಯಾರು ಕೊಡ್ತಾರ ಇವಗ?”

“ಅವ್ವಾ, ಕೈ ತೊಳ್ಕೊಂಡ ಬರ್ತೀನಿ.”

“ಕೈ ಅಲ್ಲೋ, ಮೈ ತೊಳ್ಕೊಂಡ ಒಳಗ ಬಾ.”

ಅಂದಿನಿಂದ ಅವನಿಗೆ ನಿತ್ಯವೂ ಎರಡು ಸ್ನಾನ. ಚಳಿಗಾಲದಲ್ಲಿ ಕೂಡ.

ಒಂದು ಮಳೆಗಾಲ ಕಳೆಯಿತು. ಮುಂಬಯಿಯ ಹೊಸ ವ್ಯಾಪಾರಿಯೊಬ್ಬನಿಂದ ತಮ್ಮಣ್ಣ ಸಾವಕಾರರು ಉಕ್ಕು ತರಿಸಿದರು. ರಾಯರಿಗೆ ಬೇರೆ ಕೆಲಸವಿತ್ತು. ಗುರುಪುತ್ರಪ್ಪನೇ ಪರೀಕ್ಷೆ ಮಾಡಿ, ಮ್ಯಾಂಗನೀಸ್ ಸಾಕಷ್ಟು ಇದೆ ಎಂದ. ಆ ಉಕ್ಕಿನಿಂದ ಮಾಡಿದ ಕಮಾನುಗಳನ್ನು ಖಾನಾಪುರಕ್ಕೆ ಜನರನ್ನು ಒಯ್ಯುವ ಸರ್ವೀಸ್ ಮೋಟಾರಿಗೆ ಹಾಕಿದರು. ಸ್ವಲ್ಪ ದಿನಕ್ಕೆ ಅದರ ಡ್ರೈವರ್ ಬೀರಣ್ಣ ಕಾರ್ಖಾನೆಗೆ ಬಂದು ನಿಂತ.

“ಸಾವಕಾರ್ರ, ನಿಮ್ಮ ಕಮಾನು ಹಾಕಿದಾಗಿಂದ ನಮ್ಮ ಮೋಟಾರು ಗಬ್ಬದ ಎಮ್ಮಿ ಹಂಗ ನಡ್ಯಾಕತ್ತೈತ್ರಿ. ಪಿರನವಾಡಿ ದಾಟೂದ್ರಾಗ ಹೊಟ್ಟಿ ನೆಲಕ್ಕ ಹತ್ತತೈತಿ.”

ಕಮಾನು ಮುರಿದಿರಲಿಲ್ಲ, ಬಾಗಿ ಕೂತುಬಿಟ್ಟಿತ್ತು. ಉಕ್ಕು ಕಾಯಿಸುವ ಭಟ್ಟಿಯವರು ಎಣ್ಣೆ ಸರಿಯಿಲ್ಲ ಎಂದರು. ಅವಧೂತರಾಯರು ಅದೇ ಉಕ್ಕಿನ ಪುಡಿ ತೆಗೆದು ತಾವೇ ಪರೀಕ್ಷೆ ಮಾಡಿದರು. ಮ್ಯಾಂಗನೀಸ್ ಕಡಿಮೆ ಬಂತು. ಹಳೆಯ ಉಕ್ಕುಗಳ ಪುಡಿ ಬಾಟಲಿಗಳಲ್ಲಿ ಉಳಿದಿತ್ತು, ಅವನ್ನೂ ನೋಡಿದರು. ಗುರುಪುತ್ರಪ್ಪ ಹೇಳಿದ್ದಕ್ಕಿಂತ ಎಲ್ಲದರಲ್ಲೂ ಒಂದಿಷ್ಟು ಕಡಿಮೆಯೇ. ಹಿಂದಿನ ಉಕ್ಕುಗಳಲ್ಲಿ ಮ್ಯಾಂಗನೀಸ್ ಧಾರಾಳವಾಗಿದ್ದುದರಿಂದ ಯಾರಿಗೂ ತಿಳಿದಿರಲಿಲ್ಲ, ಅಷ್ಟೆ.

“ನೋಡಪಾ,” ಎಂದರು ರಾಯರು, “ಗುಲಾಬಿ ಹೋದದ್ದು ಕೆಲವರ ಕಣ್ಣಿಗೆ ತಡಾ ಆಗಿ ತಿಳೀತದ. ಅದು ತಪ್ಪಲ್ಲ, ಹುಟ್ಟಾ ಬಂದದ್ದು. ಆದ್ರ ಅಂಥವರು ಈ ಮೇಜಿಗೆ ಕುಂದ್ರಾಕ ಆಗಂಗಿಲ್ಲ.”

ತಮ್ಮಣ್ಣ ಸಾವಕಾರರು ಅಲ್ಲೇ ಇದ್ದರು. “ಹೊಸಾ ಮಾಲು ಬರೂದ್ರೊಳಗ ಇದು ಬಗಿಹರೀಬೇಕ್ರಿ ರಾಯರ. ಇಲ್ಲಂದ್ರ ಇಂವಾ ಮತ್ತ ಎಣ್ಣಿ ಡಬ್ಬಿ ಹೊರ್ಲಿ. ಅದಕ್ಕೇನ್ ಕಣ್ಣ ಬೇಕಾಗಿಲ್ಲ.”

ಆ ಸಂಜೆ ಗುರುಪುತ್ರಪ್ಪ ಸ್ನಾನ ಮಾಡದೆ ಒಳಗೆ ಬಂದ. ನಾನು ಕೇಳಲಿಲ್ಲ, ಅವನೇ ಹೇಳಿದ. ಎಣ್ಣೆ ಡಬ್ಬಿ ಹೊರುವುದು ಅವನಿಗೆ ಅವಮಾನವಲ್ಲ, ಅದನ್ನು ಹೊತ್ತೇ ಬೆಳೆದವನು. ಆದರೆ ಆ ನೇರಳೆ ಕರಗಿ ತಿಳಿಯಾಗುವುದನ್ನು ಇನ್ನು ನೋಡಲಾರೆ ಎಂಬುದನ್ನು ಅವನಿಗೆ ತಡೆಯಲಾಗಲಿಲ್ಲ. “ಅಕ್ಕಾ, ನನಗ ಕಾಣತೈತಿ ಅಂತ ತಿಳ್ಕೊಂಡಿದ್ದೆ. ಕಾಣೂದಿಲ್ಲ ಅನ್ನೂದೂ ಕಾಣದ ಕಣ್ಣಿದ್ರ ಹೆಂಗ ಗೊತ್ತಾಗಬೇಕು?”

ನನಗೆ ಒಂದು ದಾರಿ ಹೊಳೆಯಿತು. ಬಾಜು ಮನೆಯ ಗಂಗಾದೇವಿ ನೂಲಿಗೆ ಬಣ್ಣ ಹಾಕುವವಳು. ಒಂದೇ ಕೆಂಪಿನಲ್ಲಿ ಅದ್ದಿ ತೆಗೆದ ಲಡಿಗಳು ಅವಳಲ್ಲಿ ಗಾಢದಿಂದ ತಿಳಿಯ ತನಕ ಇರುತ್ತಿದ್ದವು. ಕೊನೆಯದನ್ನು ಬಿಳಿಯ ಪಕ್ಕ ಇಟ್ಟರೆ ನನಗೆ ಎರಡೂ ಒಂದೇ. ಮರುದಿನ ಬೆಳಕು ಹರಿದೊಡನೆ ಅವನನ್ನು ಅಲ್ಲಿಗೆ ಕರೆದೊಯ್ದೆ. ಗಂಗಾದೇವಿ ಎಲ್ಲ ಲಡಿಗಳನ್ನೂ ಕಲಸಿ ಅವನ ಮುಂದೆ ಸುರಿದಳು.

ಆಗಲೇ ಅವನ ಕೈ ನಡುಗಿದ್ದು. ಲಡಿ ಎತ್ತುವನು, ಇಡುವನು, ಮತ್ತೆ ಎತ್ತುವನು. ಎಲ್ಲವನ್ನೂ ಗಾಢದಿಂದ ತಿಳಿಗೆ ಸಾಲಾಗಿ ಇಟ್ಟಾದ ಮೇಲೆ ಗಂಗಾದೇವಿ ಒಂದೊಂದನ್ನೇ ಮುಟ್ಟುತ್ತ ಹೋಗಿ ಕೊನೆಗೆ ಬಿಳಿಯ ಪಕ್ಕದಲ್ಲಿದ್ದುದನ್ನು ಎತ್ತಿ ಹಿಡಿದಳು.

“ಇದು ಒಂದ ಸಲ ಅದ್ದಿ ತಗದದ್ದು. ನಮ್ಮ ಮನ್ಯಾಗ ನನ್ನ ಬಿಟ್ರ ಯಾರೂ ಗುರ್ತ ಹಿಡ್ಯಂಗಿಲ್ಲ. ಇವನ ಕಣ್ಣಿಗೆ ಏನಾಗೈತ್ರೆವ್ವಾ? ರೊಕ್ಕಾ ಕೊಟ್ಟು ನಾನ ಕೆಲಸಕ್ಕ ಇಟ್ಕೊತೀನಿ.”

ಅವನು ಅಲ್ಲಿಂದ ಹೆಚ್ಚುಕಡಿಮೆ ಓಡಿಯೇ ಕಾರ್ಖಾನೆಗೆ ಹೋದ. ರಾಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಪರೀಕ್ಷೆಗೆ ಇಳಿದ. ಇಬ್ಬರ ಕಣ್ಣೂ ಬಿಳಿ ಬಟ್ಟೆಯ ಮೇಲಿದ್ದ ಗಾಜಿನ ಮೇಲೆ. ಗುಲಾಬಿ ಮಾಯವಾದಾಗ ಇಬ್ಬರೂ ಒಟ್ಟಿಗೇ “ಹೋತು” ಎಂದರು. ಆದರೂ ಗೆರೆ ನೋಡಿದರೆ ರಾಯರ ಲೆಕ್ಕಕ್ಕಿಂತ ಹೆಚ್ಚೇ. ರಾಯರು ಕೊಳವೆ ಬದಲಿಸಿದರು. ಮತ್ತೆ ಹೆಚ್ಚು.

“ಕಣ್ಣು ಖರೇ ಅದ, ಲೆಕ್ಕ ಖೊಟ್ಟಿ ಅದ,” ಎಂದು ರಾಯರು ತಲೆ ಕೆರೆದುಕೊಂಡರು. “ನನ್ನ ಬುದ್ಧಿಗೆ ನಿಲುಕವಲ್ದು.”

ಇನ್ನು ನೋಡದೆ ಉಳಿದದ್ದು ಭಟ್ಟಿಯವರು ದೂರಿದ್ದ ಎಣ್ಣೆ, ಕಮಾನು ಕೂತದ್ದರಲ್ಲಿ ಅದರ ಪಾಲೂ ಇದ್ದೀತು. ಮೋಟಾರಿನ ನಡಿಗೆಯನ್ನೂ ಕಣ್ಣಾರೆ ನೋಡಿದ ಹಾಗಾಯಿತು, ಗಾಣದ ಎಣ್ಣೆಯನ್ನೂ ನೋಡಿದ ಹಾಗಾಯಿತು ಎಂದು ರಾಯರು ಖಾನಾಪುರಕ್ಕೆ ಹೊರಟರು. ಗುರುಪುತ್ರಪ್ಪ ಜೊತೆಗೆ ಹೊರಟ, ನನಗೂ ತವರಿಗೆ ಹೋಗುವುದಿತ್ತು. ಬೀರಣ್ಣ ದಾರಿಯುದ್ದಕ್ಕೂ ಪ್ರತಿ ಗುಂಡಿಗೂ ಹಿಂದೆ ತಿರುಗಿ, “ಕೇಳಿಸ್ತೇನ್ರಿ ರಾಯರ?” ಎಂದು ಕೇಳುತ್ತಿದ್ದ. ಗುರುಪುತ್ರಪ್ಪ ಹೊರಗೆ ನೋಡುತ್ತ ಕುಳಿತಿದ್ದ.

ಅವ್ವ ರಾಯರಿಗೆ ಚಾಪೆ ಹಾಸಿ, ಬಂದ ಕಾರಣ ಕೇಳಿದಳು. ಕಾರಣ ತಿಳಿದ ಕೂಡಲೇ ಮುಖ ಬಿಗಿಯಾಯಿತು.

“ನನ್ನ ಎಣ್ಣಿ ಮ್ಯಾಲೆ ಸಂಶೇ ಏನ್ರಿ? ಮೂಸಿ ನೋಡ್ರಿ, ನೆಕ್ಕಿ ನೋಡ್ರಿ. ಬೇಕಾದ್ರ ತಲಿಗೆ ಹಚ್ಕೊಂಡ ನೋಡ್ರಿ, ಕೂದಲ ಬಂದರೂ ಬರ್ತಾವು.” ರಾಯರ ತಲೆ ನುಣ್ಣಗಿತ್ತು. ಅವರೇ ಮೊದಲು ನಕ್ಕರು, ಅವ್ವನಿಗೆ ಅರ್ಧ ಸಿಟ್ಟು ಇಳಿಯಿತು. ಹಾಲು ಕಾಯಿಸಲು ಒಳಗೆ ಹೋಗುವಾಗ ಎಣ್ಣೆಗೆಂದು ಬಂದ ಮಾಯಕ್ಕನನ್ನು ಕಂಡು, “ಗುರುಪುತ್ರಾ, ಅಕಿಗೆ ಎಣ್ಣಿ ಹಾಕೋ,” ಎಂದಳು.

ಗುರುಪುತ್ರಪ್ಪ ಪಾವು ತುಂಬಿ ಮಾಯಕ್ಕನ ತಂಬಿಗೆಗೆ ಸುರಿದ. ಇಲ್ಲಿ ನೋಡಲು ಬಣ್ಣ ಇರಲಿಲ್ಲ. ರಾಯರು ಅವನ ಕೈ ನೋಡುತ್ತಿದ್ದರು.

“ಇನ್ನೊಮ್ಮೆ ಹಾಕು,” ಎಂದರು.

“ಹಾಕಪಾ ಹಾಕು, ರಾಯರ ಹೇಳಾಕತ್ತಾರ,” ಎಂದು ಮಾಯಕ್ಕ ತಂಬಿಗೆ ಮುಂದೆ ಚಾಚಿದಳು. “ರೊಕ್ಕಾ ಅವರ ಕೊಡ್ತಾರ.”

ಇನ್ನೊಂದು ಪಾವು ಸುರಿದ. ರಾಯರು ಮುಂದೆ ಬಾಗಿದರು. “ಪಾವು ಬರಿದಾದ ಮ್ಯಾಲೆ ಏನು ಹಾಕಿದಿ?”

“ಏನೂ ಇಲ್ರಿ.”

“ಹಾಕಿದಿ. ನಾ ನೋಡೀನಿ.”

“ಇಲ್ರಿ ರಾಯರ. ಖರೇನ ಇಲ್ಲ.”

ಮಾಯಕ್ಕ ನಕ್ಕಳು. “ಕೊಸರು ಹಾಕ್ಯಾನ್ರಿ. ಸಂಗವ್ವನ ಮಗಾ ಕೊಸರು ಹಾಕದ ಬಿಡ್ತಾನ? ಅದು ಅವಗ ಗೊತ್ತ ಆಗಂಗಿಲ್ಲ, ಕಣ್ರೆಪ್ಪಿ ಬಡದಂಗ.”

ರಾಯರು ಬರಿಗೈಯಲ್ಲಿ ಗಾಳಿಯಲ್ಲೇ ಚಾವಿ ತಿರುವಿದಂತೆ ಮಾಡಿ ನೋಡಿದರು. ಗುಲಾಬಿ ಮಾಯವಾಗುತ್ತದೆ, ಇವನು ಹೋಯಿತು ಎನ್ನುತ್ತಾನೆ, ಕಣ್ಣು ಗೆರೆಯ ಕಡೆಗೆ ತಿರುಗುವಷ್ಟರಲ್ಲಿ ಕೈ ಚಾವಿಯನ್ನು ಇನ್ನಿಷ್ಟು ಬಿಟ್ಟು ಮುಚ್ಚುತ್ತದೆ. ಬಣ್ಣ ಹೋದ ಮೇಲೆ ಎಷ್ಟು ಸುರಿದರೂ ತಿಳಿನೀರು ತಿಳಿನೀರೇ, ಯಾರಿಗೂ ಕಾಣದು. ಆದರೆ ಗೆರೆಗೆ ಅದೆಲ್ಲ ಮ್ಯಾಂಗನೀಸ್.

“ನಾನೂ ಬರೀ ಬಣ್ಣ ನೋಡಿಕೋತ ಕೂತೆ,” ಎಂದು ರಾಯರು ತೊಡೆ ತಟ್ಟಿಕೊಂಡರು. “ಮ್ಯಾಂಗನೀಸಿಗೂ ಕೊಸರು ಹಾಕ್ಯಾನಲ್ಲಾ ಇಂವಾ.”

ಕಾರಣ ತಿಳಿದರೆ ತೊಂದರೆ ಮುಗಿಯಿತು ಎಂದುಕೊಂಡೆವು. ಮುಗಿಯಲಿಲ್ಲ. ಕೊಸರಿಗೆ ಹೆದರಿ ಗುರುಪುತ್ರಪ್ಪ ಈಗ ಗುಲಾಬಿ ಪೂರ್ತಿ ಹೋಗುವ ಮೊದಲೇ ಚಾವಿ ಮುಚ್ಚತೊಡಗಿದ. ಲೆಕ್ಕ ಕಡಿಮೆ ಬಂತು. ಧೈರ್ಯ ಮಾಡಿ ಬಿಟ್ಟರೆ ಕೈ ತನ್ನ ಪದ್ಧತಿಯನ್ನೇ ಮಾಡಿತು, ಹೆಚ್ಚು ಬಂತು. ಊಟದ ತಾಟಿನ ಮುಂದೆ ಕೂತು ತನ್ನ ಬಲಗೈಯನ್ನು ಯಾರದೋ ಕೈ ಎಂಬಂತೆ ನೋಡುತ್ತಿದ್ದ. ಹೊಸ ಮಾಲು ರೈಲು ಸ್ಟೇಷನ್ನಿಗೆ ಬಂದಿಳಿದ ಸುದ್ದಿಯೂ ಬಂತು.

ಅದೇ ಹೊತ್ತಿಗೆ ಅವ್ವ ಎಣ್ಣೆ ಡಬ್ಬಿಗಳ ಜೊತೆ ವಡಗಾವಿಗೆ ಬಂದಳು. ಊಟದ ಹೊತ್ತಿಗೆ ಇವನ ಗೋಳು ಕೇಳಿದಳು.

“ಕೊಸರು ಬಿಟ್ಟಬಿಡು ಅಂತ ರಾಯರು ಹೇಳ್ಯಾರ, ಅವ್ವಾ. ಬಿಡಾಕ ಬರವಲ್ದು.”

“ಯಾಕ ಬಿಡಬೇಕು? ಕೊಸರು ತಪ್ಪಲ್ಲ, ನೀ ಹಾಕೂ ಹೊತ್ತು ತಪ್ಪೈತಿ. ಅಳತಿ ಬ್ಯಾರೆ, ಕೊಸರು ಬ್ಯಾರೆ. ನಾ ಪಾವು ಸುರದ ಮ್ಯಾಲೆ ಏನ್ ಮಾಡ್ತೀನಿ?”

“ಲಾಭ ಅಂತಿ.”

ನಮ್ಮಲ್ಲಿ ಮೊದಲ ಅಳತೆಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಆಮೇಲೆ ಎರಡು, ಮೂರು.

“ಬಾಯಿಲೆ ಲಾಭ ಅಂದ್ನೆಂದ್ರ ಅಳತಿ ಮುಗೀತು. ಅದು ಆಡಿದ ಮಾತು, ತಿರುಗಂಗಿಲ್ಲ. ಅಲ್ಲಿ ಮಟಾ ಕೈಗೆ ಕೊಸರು ಹಾಕೂ ಹುಕುಂ ಇಲ್ಲ. ನೀ ಅಲ್ಲಿ ಬರೇ ಬಣ್ಣಾ ಹೋತು ಅಂತಿ, ಅಳತಿ ಮುಗೀತು ಅನ್ನಂಗಿಲ್ಲ, ಅದಕ್ಕ ಕೈಗೆ ಅಳತಿ ಯಾವಾಗ ಮುಗೀತು ಅನ್ನೂದ ತಿಳೀವಲ್ದು.”

ಗುರುಪುತ್ರಪ್ಪ ತಾಟು ಬಿಟ್ಟು ಎದ್ದ. ಅವ್ವ ಕೂಗಿದಳು: “ಕೈ ತೊಳಕೊಂಡ ಹೋಗೋ, ಇಲ್ಲಂದ್ರ ಉಕ್ಕು ಬಿಟ್ಟು ಜ್ವಾಳದ ರೊಟ್ಟಿ ಪರೀಕ್ಷಾ ಮಾಡ್ತಿ.”

ಹೊಸ ಮಾಲಿನ ಪರೀಕ್ಷೆಗೆ ತಮ್ಮಣ್ಣ ಸಾವಕಾರರು ತಾವೇ ಬಂದು ಕುರ್ಚಿ ಹಾಕಿಸಿಕೊಂಡು ಕುಳಿತರಂತೆ. ಅವಧೂತರಾಯರು ಎರಡು ಪುಡಿಕೆ ಉಕ್ಕಿನ ಪುಡಿ ಕೊಟ್ಟರು. ಒಂದು ಹೊಸ ಮಾಲಿನದು. ಇನ್ನೊಂದು ವಿಲಾಯತಿ ಸೀಮೆಯಿಂದ ತರಿಸಿದ ಬಾಟಲಿಯದು. ಅದರಲ್ಲಿ ಮ್ಯಾಂಗನೀಸ್ ಎಷ್ಟೆಂದು ಮೊದಲೇ ಗೊತ್ತಿರುತ್ತದೆ, ಆದರೆ ರಾಯರಿಗೆ ಮಾತ್ರ. ಯಾವ ಪುಡಿಕೆ ಯಾವುದೆಂದು ಇವನಿಗೆ ಹೇಳಲಿಲ್ಲ.

ನೇರಳೆ ಬಂತು. ಆರಿತು. ಹನಿ ಬೀಳತೊಡಗಿತು. ಗುಲಾಬಿ ತೆಳುವಾಗಿ, ಇನ್ನೂ ತೆಳುವಾಗಿ, ಗಂಗಾದೇವಿಯ ಕೊನೆಯ ಲಡಿಯಷ್ಟಾಗಿ, ಹೋಯಿತು.

“ಲಾಭ,” ಎಂದು ಗುರುಪುತ್ರಪ್ಪ ಗಟ್ಟಿಯಾಗಿ ಹೇಳಿದ. ಚಾವಿ ಮುಚ್ಚಿತು. ಗೆರೆ ನೋಡಿ ಅದನ್ನೂ ಗಟ್ಟಿಯಾಗಿ ಓದಿದ. ಆಮೇಲೆ ಅವನ ಕೈ ತಾನಾಗಿ ಪಕ್ಕದಲ್ಲಿದ್ದ ಶುದ್ಧ ನೀರಿನ ಬಾಟಲಿಗೆ ಹೋಗಿ, ಒಂದು ಸಣ್ಣ ಧಾರೆಯನ್ನು ಗಾಜಿನೊಳಗೆ ಬಿಟ್ಟಿತು. ಬರೀ ನೀರು. ಅದರಿಂದ ಯಾವ ಲೆಕ್ಕವೂ ಕೆಡುವುದಿಲ್ಲ.

ತಮ್ಮಣ್ಣ ಸಾವಕಾರರು ಹುಬ್ಬೇರಿಸಿದರು. “ಇದೇನ್ರಿ ರಾಯರ, ಇದು ಸಂತಿ ಆತಲ್ಲ.”

“ಸುಮ್ಮ ಕೂಡ್ರಿ ಸಾವಕಾರ್ರ. ಎರಡನೇದ್ದೂ ಆಗ್ಲಿ.”

ಎರಡನೆಯದಕ್ಕೆ “ಎರಡು” ಎಂದ, ಓದಿದ, ಕೊಸರು ಬಿಟ್ಟ. ರಾಯರು ಕಾಗದದ ಮೇಲೆ ಲೆಕ್ಕ ಹಾಕಿದರು. ಬಾಟಲಿಯ ಉಕ್ಕಿಗೆ ಸೀಮೆಯವರು ಹೇಳಿದ ಮಟ್ಟವೇ ಬಂದಿತ್ತು. ಆಮೇಲೆ ಹೊಸ ಮಾಲಿನ ಪುಡಿಯನ್ನು ತಾವೂ ಪರೀಕ್ಷಿಸಿದರು. ಇವನ ಲೆಕ್ಕಕ್ಕೆ ಹೊಂದಿತು. ಈ ಸಲದ ಮಾಲು ಒಳ್ಳೆಯದಿತ್ತು. ತಮ್ಮಣ್ಣ ಸಾವಕಾರರು ಎದ್ದು, “ಆತು ಬಿಡ್ರಿ. ಎಣ್ಣಿ ಡಬ್ಬಿ ಹೊರಾಕ ಬ್ಯಾರೆ ಯಾರನ್ನರ ಹುಡುಕೂಣು,” ಎಂದು ಹೊರಗೆ ಹೋದರಂತೆ.

ಬೀರಣ್ಣನ ಮೋಟಾರಿಗೆ ಹೊಸ ಕಮಾನು ಬಿತ್ತು. ಮುಂದೆ ರಾಯರು ಗುರುಪುತ್ರಪ್ಪನಿಗೆ ಉಕ್ಕಿನೊಳಗಿನ ಮತ್ತೊಂದು ಲೋಹ, ಕ್ರೋಮಿಯಂ, ಅಳೆಯುವುದನ್ನು ಕಲಿಸಿದರು. ಒಂದೆರಡು ತೊಟ್ಟು ಹಾಕಿದರೆ ಅಳತೆ ಮುಗಿಯುವ ಹೊತ್ತಿಗೆ ನೀಲಿ ತಿರುಗಿ ತೋರಿಸುವ ಹೊಸದೊಂದು ಔಷಧ ಜರ್ಮನಿಯ ಕಡೆಯಿಂದ ಬಂದಾಗ, ಅದನ್ನು ನೋಡಲು ನನ್ನನ್ನೂ ಕರೆದೊಯ್ದ. ಗಂಗಾದೇವಿಯೂ ಬಂದಿದ್ದಳು, ಆ ನೀಲಿಯನ್ನು ನೂಲಿಗೆ ಹಾಕಲು ಬರುತ್ತದೆಯೇ ಎಂದು ರಾಯರನ್ನು ಬಿಡದೆ ಕೇಳಿದಳು. ಬರುವುದಿಲ್ಲ, ತೊಳೆದರೆ ಹೋಗುತ್ತದೆ ಎಂದು ರಾಯರು ಹೇಳಿದರು. ಅವಳು ಆಸಕ್ತಿ ಬಿಟ್ಟಳು.

ಕನ್ಯೆಯೂ ಸಿಕ್ಕಳು. ಪಾಷಾಣದ ಮಾತು ಬಂದಾಗ ಹುಡುಗಿಯ ತಾಯಿ ಸ್ವಲ್ಪ ಹಿಂದೆಮುಂದೆ ನೋಡಿದಳು. ಅವ್ವ, ನಮ್ಮ ಹುಡುಗ ದಿನಾ ಎರಡು ಸಲ ಸ್ನಾನ ಮಾಡುತ್ತಾನೆ, ಅಂಥ ಅಳಿಯ ಈ ತಾಲೂಕಿನಲ್ಲಿ ಇನ್ನೊಬ್ಬನಿಲ್ಲ ಎಂದು ಒಪ್ಪಿಸಿದಳು.

ಆ ನೀಲಿ ನೋಡಲು ನಾನು ಹೋದ ದಿನ ಅವನ ಮೇಜಿನ ಪಕ್ಕ ಸ್ಟೂಲಿನ ಮೇಲೆ ಕುಳಿತು ನೋಡಿದೆ. ಬಣ್ಣ ತಿರುಗಿತು. “ಲಾಭ,” ಎಂದ. ಆಚೆ ಮಗ್ಗುಲಲ್ಲಿ ತಮ್ಮದೇ ಗಾಜಿನ ಮೇಲೆ ಬಾಗಿದ್ದ ಅವಧೂತರಾಯರ ನೀರೂ ಆಗಲೇ ಬಣ್ಣ ತಿರುಗಿತು. ಅವರು ತಲೆ ಎತ್ತದೆ, ತಮ್ಮಷ್ಟಕ್ಕೆ ತಾವೇ, “ಎರಡು,” ಎಂದರು. ಗುರುಪುತ್ರಪ್ಪ ನೀರಿನ ಬಾಟಲಿ ತೆಗೆದುಕೊಂಡು ಮೊದಲು ತನ್ನದಕ್ಕೆ, ಆಮೇಲೆ ಕೈ ಚಾಚಿ ಅವರದಕ್ಕೂ ಒಂದು ಧಾರೆ ಬಿಟ್ಟ.